ಜಗಲಿಯ ಮೇಲಿನ ಗರಗಸ

"ಅವ್ವಾ, ಅದು ವೀರಭದ್ರನ ಖಡ್ಗ ಅಲ್ಲ, ಮೀನಿನ ಮೂತಿ!" ಎಂದ ಮಗ ಸಿದ್ದಲಿಂಗ.

ಆಯುಧಗಳ ಖಂಡೇಪೂಜೆಗೆಂದು ದೇವರ ಜಗಲಿಯ ಮೇಲೆ ಕುಡಗೋಲು, ಕೊಡಲಿಗಳ ನಡುವೆ ಅದನ್ನಿಟ್ಟು ವಿಭೂತಿ ಹಚ್ಚುತ್ತಿದ್ದ ರುಕ್ಮವ್ವನ ಕೈ ಅಲ್ಲೇ ನಿಂತಿತು. ಎರಡೂ ಅಂಚಿಗೆ ಹಲ್ಲಿದ್ದ ಆ ಮೊಳದುದ್ದದ ಗರಗಸವನ್ನು ಮುತ್ತಜ್ಜ ಎಲ್ಲಿಂದಲೋ ತಂದಿದ್ದನಂತೆ. ಭೀಮಾ ದಂಡೆಯ ಅವರ ಊರು ಅಗರಖೇಡದಲ್ಲಿ ಸಮುದ್ರ ಕಂಡವರೇ ಕಡಿಮೆ. ದೇವರ ಆಯುಧವೆಂದು ಅವನು ಹೇಳಿದ್ದೇ ತಡ, ಎಲ್ಲರೂ ಕೈ ಮುಗಿದಿದ್ದರು. ತತ್ತಿಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆ ನಾಲ್ಕು ತಲೆಮಾರು ಮೀನಿಗೆ ಹೋಳಿಗೆಯ ಎಡೆ ಹಿಡಿದಿತ್ತು!

ಸಿದ್ದಲಿಂಗನಿಗೆ ಖುಷಿಯೋ ಖುಷಿ. ಮುಂಬಯಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಗೆ ಫೋಟೊ ಕಳಿಸಿದ್ದ. ಗುಟ್ಟು ಗೊತ್ತಾದದ್ದು ಅವನಿಂದಲೇ. "ಭಾಳ ರೊಕ್ಕ ಕೊಡ್ತಾನಂತ, ಪರದೇಶಕ್ಕ ಕಳಸ್ತಾನಂತ. ಇನ್ನ ಯಾಕ ಇಟ್ಕೋತಿ? ಕೊಟ್ಟಬಿಡೂಣು."

ರುಕ್ಮವ್ವನಿಗೆ ಅಳುವೇ ಬಂತು. ಮದುವೆಯಾಗಿ ಬಂದಂದಿನಿಂದ ಕಷ್ಟಸುಖವನ್ನೆಲ್ಲ ಅದರ ಮುಂದೆಯೇ ಹೇಳಿಕೊಂಡವಳು ಆಕೆ.

ಹಬ್ಬಕ್ಕೆ ಬಂದಿದ್ದ ಮಗಳು ವಿಜಯಲಕ್ಷ್ಮಿ ಇಂಡಿ ಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. "ನನಗ ಎಂದೋ ಗೊತ್ತಿತ್ತು. ಅವ್ವ ನೊಂದ್ಕೋತಾಳಂತ ಬಾಯಿ ಬಿಟ್ಟಿದ್ದಿಲ್ಲ," ಎಂದಳು. "ಖರೇ ಇದನ್ನ ಮಾರಾಕ ಬರಂಗಿಲ್ಲಣ್ಣಾ. ಗರಗಸ ಮೀನು ಮುಗಿಯಾಕ ಬಂದಾವಂತ ದೇಶ ದೇಶ ಕೂಡಿ ಇದರ ವ್ಯಾಪಾರ ಬಂದ್ ಮಾಡ್ಯಾವ. ನಮ್ಮಲ್ಲೂ ಕಾಯ್ದೆ ಐತಿ."

"ಇದು ಸತ್ತು ನೂರು ವರ್ಷ ಆತು. ಮಾರಿದ್ರ ಯಾರದೇನು ಹೋಗ್ತೈತಿ?"

"ಇದಕ್ಕ ಗಿರಾಕಿ ಅದಾನಂತ ಗೊತ್ತಾದ್ರ, ಜೀವಂತ ಇದ್ದದ್ದನ್ನ ಹಿಡಿಯಾಕ ಹೋಗ್ತಾರ."

ರುಕ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದರ ಬಳಗ ಇನ್ನೂ ಐತೇನಬೇ?"

"ಅಲ್ಲೊಂದು ಇಲ್ಲೊಂದು ಅದಾವ. ಕಾಯ್ದುಕೊಂಡ ಕಡೆ ಮತ್ತ ಮರಿ ಕಾಣಾಕತ್ತಾವಂತ."

"ಕೇಳಿದೇನೋ?" ರುಕ್ಮವ್ವ ಮಗನತ್ತ ತಿರುಗಿದಳು. "ಎಡಿ ಹಿಡದ ಕೈಲೇ ಅದರ ಬಳಗದ ಕೊಳ್ಳ ಕೊಯ್ಯಾಕ ಹಚ್ತಿಯೇನು? ಮಾರೂದು ಬ್ಯಾಡ."

ಸಿದ್ದಲಿಂಗ ತಲೆ ಕೆರೆದುಕೊಂಡ. ಅವ್ವನ ಮಾತಿಗೆ ಎದುರಾಡುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕಾಯ್ದೆಯಂತೆ ಅದನ್ನು ಹಾಗೇ ಮನೆಯಲ್ಲಿಟ್ಟುಕೊಳ್ಳಲೂ ಬರುತ್ತಿರಲಿಲ್ಲ. ವಿಜಯಲಕ್ಷ್ಮಿ ಹೇಳಿ ಕರೆಸಿದ ಅರಣ್ಯ ಇಲಾಖೆಯವರು ಬಂದ ದಿನ ರುಕ್ಮವ್ವ ಮತ್ತೊಮ್ಮೆ ಹೋಳಿಗೆ ಮಾಡಿದಳು. ಗರಗಸವನ್ನು ಹೊಸ ಕುಪ್ಪಸದ ಖಣದಲ್ಲಿ ಸುತ್ತಿ, ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವಂತೆ ಉಡಿ ತುಂಬಿ ಕಳಿಸಿದಳು. ಸಿದ್ದಲಿಂಗನೇ ಅದನ್ನು ಜೀಪಿನವರೆಗೆ ಹೊತ್ತ.

ಸಂಜೆ ಎಡೆಯ ಹೋಳಿಗೆ ಹಿಡಿದು ಆಕೆ ಭೀಮಾ ನದಿಯ ದಂಡೆಗೆ ಬಂದಳು. ಹಿಂದೆಯೇ ಮಗ.

"ಈ ಹೊಳಿ ಸಮುದ್ರಕ್ಕ ಹೋಗ್ತೈತಿ, ಹೌದಿಲ್ಲೋ?"

"ಹೌದಬೇ. ಕೃಷ್ಣಾ ಕೂಡಿ ಹೋಗ್ತೈತಿ."

ರುಕ್ಮವ್ವ ಹೋಳಿಗೆ ಮುರಿದು ನೀರಿಗೆ ಬಿಟ್ಟಳು. ದಂಡೆಯ ಮರಿಮೀನುಗಳು ಒಮ್ಮೆಲೇ ಮುತ್ತಿಕೊಂಡವು.

"ಏ, ನಿಮಗಲ್ಲ ಅದು!" ಎಂದು ಗದರಿದಳು. ಆಮೇಲೆ ನಕ್ಕು, ಅವಕ್ಕೂ ಒಂದು ತುಂಡು ಮುರಿದಳು.