ಒಂದನೇ ನಂಬರಿನ ಹಗ್ಗ

ಏಳು ಚೀಟಿಗಳನ್ನು ಹಂಚಿ ಮುಗಿಸಿದ ಪಿರಿ ಎಂಟನೆಯದನ್ನು ಕೈಯಲ್ಲೇ ಇಟ್ಟುಕೊಂಡು ಕೆಮ್ಮಿದ. ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವ ಮನುಷ್ಯ ಕೆಮ್ಮಿದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಈ ಐದು ದಿನಗಳಲ್ಲಿ ನೆಟ್ಟಾಗೆ ಅಷ್ಟು ತಿಳಿದುಹೋಗಿತ್ತು.

"ಕೊಡಿ," ಎಂದು ಅವಳು ಕೈಚಾಚಿದಳು.

ಚೀಟಿಯ ಮೇಲೆ ಶವಪೆಟ್ಟಿಗೆಯ ಚಿತ್ರ, ಸುತ್ತ ಎಂಟು ಅಂಕಿಗಳು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಯಾರು ಯಾವ ಹಗ್ಗ ಹಿಡಿಯಬೇಕು ಎಂಬುದು ಅದರಲ್ಲಿರುತ್ತದೆ. ಒಂದನೆಯದು ತಲೆಯ ಕಡೆಯ ಹಗ್ಗ. ಅದು ಅಲೆಕ್‌ನ ಹೆಂಡತಿಯಾದ ತನಗಲ್ಲದೆ ಇನ್ನಾರಿಗೆ?

ಪಿರಿ ಚೀಟಿ ಕೊಡಲಿಲ್ಲ. ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು, ಆದಷ್ಟೂ ಸಣ್ಣ ದನಿಯಲ್ಲಿ ಓದಿದ. "ಒಂದನೇ ನಂಬರು, ಯೂನಾ ಪಿಟ್‌ಕೆತ್ಲಿಯ 'ಕಾರ್ಯದರ್ಶಿಗಳ ಗೈರುಹಾಜರಿ' ಕಾದಂಬರೀನ ಕೊನೇ ಪುಟದವರೆಗೂ ಓದಿದವರಿಗೆ. ಅಲೆಕ್ ಅವರೇ ಹೇಳಿ ಬರೆಸಿದ್ದು, ಮಿಸೆಸ್ ರಿಂಟೂಲ್. ಹೋದ ತಿಂಗಳು. ಸಹಿನೂ ಹಾಕಿದಾರೆ."

ಅಡುಗೆಮನೆಯಲ್ಲಿ ನಿಂತಿದ್ದ ಏಳು ಜನರೂ ಏಳು ದಿಕ್ಕಿಗೆ ನೋಡಿದರು. ಪ್ರತಿಯೊಬ್ಬರ ಮನೆಯಲ್ಲೂ ಆ ಪುಸ್ತಕದ ಒಂದು ಪ್ರತಿಯಾದರೂ ಇತ್ತು.

"ನಾನು ಓದಿದೀನಿ," ಎಂದ ಅಲೆಕ್‌ನ ತಮ್ಮ ಹ್ಯೂಯಿ.

"ಅದ್ರಲ್ಲಿ ಕೊಂದೋರು ಯಾರು ಹಂಗಾದ್ರೆ?" ಎಂದಳು ನೆಟ್ಟಾ.

"ಅದೇ... ಆ ಡಾಕ್ಟ್ರು."

"ಅದ್ರಲ್ಲಿ ಡಾಕ್ಟ್ರೇ ಇಲ್ಲ."

ಹ್ಯೂಯಿ ತನ್ನ ಎರಡನೇ ನಂಬರಿನ ಚೀಟಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಯಾರೂ ಓದಿರದಿದ್ದರೆ ಏನು ಗತಿ ಎಂದು ನೆಟ್ಟಾ ಕೇಳಿದಳು. ನಮ್ಮ ಕಡೆಯ ಹುಡುಗನೊಬ್ಬ ಹಿಡಿಯುತ್ತಾನೆ ಎಂದ ಪಿರಿ. ಅಂದರೆ ಮುಖಪರಿಚಯವೂ ಇಲ್ಲದ ಯಾವನೋ ಅಲೆಕ್‌ನ ತಲೆಯ ಬಳಿ ನಿಲ್ಲುತ್ತಾನೆ. ನೆಟ್ಟಾಳ ಕಿವಿ ಕೆಂಪಾಯಿತು. ಪಿರಿ ಅವಳ ಹತ್ತಿರ ಬಾಗಿದ.

"ಓದಿದೀನಿ ಅಂದ್ಬಿಡಿ. ನಾನೂ ಕೇಳಲ್ಲ, ಅವ್ರೂ ಕೇಳಲ್ಲ."

"ಇಪ್ಪತ್ತಾರು ವರ್ಷ ಅವನ ಮುಖಕ್ಕೆ ಹೊಡೆದಂಗೆ ಓದಲ್ಲ ಅಂದೋಳು ನಾನು. ಈವತ್ತು ಪೆಟ್ಟಿಗೆ ಒಳಗೆ ಮಲಗಿದಾನೆ ಅಂತ ಸುಳ್ಳು ಹೇಳ್ಲಾ?" ಎಂದು ನೆಟ್ಟಾ ಸಿಂಕಿನಲ್ಲಿದ್ದ ಕಪ್ಪುಗಳನ್ನು ಸದ್ದಾಗುವಂತೆ ತೊಳೆಯತೊಡಗಿದಳು.

*

ಅಲೆಕ್ ರಿಂಟೂಲ್ ಲೀವೆನ್ ಊರಿನ ಜನಕ್ಕೆ ಮೂವತ್ತಮೂರು ವರ್ಷ ಕಾರು ಓಡಿಸಲು ಕಲಿಸಿದ. ಒಳ್ಳೆಯ ಗುರು, ತಾಳ್ಮೆಯ ಮನುಷ್ಯ. ಹನ್ನೊಂದನೇ ಪರೀಕ್ಷೆಯಲ್ಲಿ ಪಾಸಾದ ಜೀನ್ ಟಲ್ಲೊಕ್ ಇಂದಿಗೂ ಅವನ ಹೆಸರೆತ್ತಿದರೆ ಕಣ್ಣೊರೆಸಿಕೊಳ್ಳುತ್ತಾಳೆ. ಆದರೆ ಅವನಲ್ಲಿ ಒಂದು ಕಾಯಿಲೆಯಿತ್ತು. ಎರಡೂ ಕೈ ಸ್ಟೀರಿಂಗಿನ ಮೇಲಿರುವವರು ಎಲ್ಲಿಗೂ ತಪ್ಪಿಸಿಕೊಂಡು ಹೋಗಲಾರರು ಎಂದು ಅವನು ಕಂಡುಕೊಂಡಿದ್ದ. ಎಡಕ್ಕೆ ನೋಡು, ಬಲಕ್ಕೆ ನೋಡು, ಯೂನಾ ಪಿಟ್‌ಕೆತ್ಲಿ ಓದಿದೀಯಾ?

ಹಾಗೆ ಶುರುವಾದರೆ ಪಾಠ ಮುಗಿಯುವವರೆಗೂ ಅದೇ. ಕಾದಂಬರಿಯಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲಿಂಗ್ ಕ್ಲಬ್ಬೊಂದರ ಹುಲ್ಲಿನಡಿ ಕಾರ್ಯದರ್ಶಿಯ ಹೆಣ ಸಿಗುತ್ತದೆ. ಸದಸ್ಯರಿಗೆ ಹೆಣದ ಚಿಂತೆಯಿಲ್ಲ, ಪೊಲೀಸರು ಅಗೆದು ಹಾಳುಮಾಡಿದ ಹುಲ್ಲಿನ ಚಿಂತೆ. ಸಭೆಯ ಮೇಲೆ ಸಭೆ ಸೇರಿ ಅದನ್ನೇ ಚರ್ಚಿಸುತ್ತಾರೆ. ಕಾರ್ಯದರ್ಶಿ ಗೈರುಹಾಜರು ಎಂದು ಪ್ರತಿ ಸಭೆಯಲ್ಲೂ ತಪ್ಪದೆ ದಾಖಲಿಸುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅಲೆಕ್‌ಗೇ ನಗು ತಡೆಯಲಾಗುತ್ತಿರಲಿಲ್ಲ. ಕಲಿಯುತ್ತಿದ್ದವನು ಕೆಂಪು ದೀಪ ದಾಟಿಬಿಡುತ್ತಿದ್ದ. ಅಲೆಕ್ ಕಲಿಸುವವನಿಗೆಂದೇ ಪಕ್ಕದ ಸೀಟಿನ ಕಾಲಡಿ ಇರುವ ಬ್ರೇಕು ಒತ್ತಿ, ಕಣ್ಣೊರೆಸಿಕೊಂಡು, "ನೀನಿದನ್ನ ಓದ್ಲೇಬೇಕು," ಎನ್ನುತ್ತಿದ್ದ.

ಹಳೆ ಪುಸ್ತಕದ ಅಂಗಡಿಗಳಲ್ಲಿ ಎಲ್ಲಿ ಕಂಡರೂ ಕೊಂಡು ತರುತ್ತಿದ್ದ. ಮದುವೆಗೆ ಅದೇ ಉಡುಗೊರೆ, ಮಗುವಿನ ನಾಮಕರಣಕ್ಕೂ ಅದೇ. ಇನ್ನು ಆರು ತಿಂಗಳಷ್ಟೇ ಎಂದು ಹೇಳಿದ ಡಾಕ್ಟರಮ್ಮನಿಗೆ ಎರಡು ಪ್ರತಿ ಕೊಟ್ಟು ಬಂದ. ಓದಿದೆವು, ಬಹಳ ಚೆನ್ನಾಗಿತ್ತು ಎಂದು ಊರೆಲ್ಲ ಸುಳ್ಳು ಹೇಳಿತು. ಅವನಿಗೂ ಅದು ಗೊತ್ತಿತ್ತು. ಸುಳ್ಳು ಹೇಳದವಳು ನೆಟ್ಟಾ ಒಬ್ಬಳೇ. ಹೆಣ ಬಿದ್ದ ಕಡೆ ನಗುವುದಕ್ಕೇನಿದೆ ಎಂದು ಅವಳು ಕೇಳುತ್ತಿದ್ದಳು. ಓದಿದರೆ ಗೊತ್ತಾಗುತ್ತದೆ ಎಂದು ಅವನು ಹೇಳುತ್ತಿದ್ದ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸುವಷ್ಟು ಸಲ ಈ ಮಾತು ಆ ಮನೆಯಲ್ಲಿ ನಡೆದಿತ್ತು.

*

ಕೊನೆಗೆ ಅವನ ಕೈಗಳು ಸೋತವು, ಪುಸ್ತಕ ಹಿಡಿಯಲು ಆಗದಾಯಿತು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು ನೆಟ್ಟಾಳೇ ಓದಬೇಕಾಯಿತು. ಕರೆಂಟು ಬಿಲ್ಲು ಓದುವವಳಂತೆ ಓದಿದಳು. ಮೊದಲ ಪುಟದಲ್ಲೇ ಅವನು ನಕ್ಕ. ಅಲ್ಲಿ ನಗುವಂಥದ್ದೇನೂ ಇರಲಿಲ್ಲ. ಕ್ಲಬ್ಬಿನಲ್ಲಿ ಚಹಾ ಕೊಡುವ ಹೆಂಗಸು ಸಭೆಯ ಮಧ್ಯೆ ಎದ್ದು ಏನೋ ಹೇಳಲು ಹೋಗುತ್ತಾಳೆ. ಅದು ಇವತ್ತಿನ ಚರ್ಚೆಯ ಪಟ್ಟಿಯಲ್ಲಿಲ್ಲ, ಕೊನೆಗೆ ಇತರ ವಿಷಯಗಳು ಬಂದಾಗ ಹೇಳಿ ಎಂದು ಅಧ್ಯಕ್ಷ ಅವಳನ್ನು ಕೂರಿಸುತ್ತಾನೆ. ಅಷ್ಟೇ.

"ಇದ್ರಲ್ಲಿ ನಗೋಕೇನಿದೆ?" ಎಂದು ನೆಟ್ಟಾ ರೇಗಿದಳು.

"ನೀನು ಓದು," ಎಂದ ಅಲೆಕ್, ಉಸಿರು ಹಿಡಿದುಕೊಂಡು.

ಮೂರು ವಾರ ಹೀಗೇ ನಡೆಯಿತು. ಪ್ರತಿ ನಗೆಮಾತೂ ಬರುವ ಮೊದಲೇ ಅವನು ನಕ್ಕು ಅದರ ರುಚಿ ಕೆಡಿಸುತ್ತಿದ್ದ. ಕೊಂದದ್ದು ಯಾರೆಂದು ಹೇಳಿಬಿಟ್ಟರೆ ಇಬ್ಬರಿಗೂ ಶ್ರಮ ಉಳಿಯುತ್ತದೆ ಎಂದು ಅವಳು ಎಷ್ಟೋ ಸಲ ಅಂದಳು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಆ ಮನುಷ್ಯ ಇದೊಂದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬುಧವಾರ ಸಂಜೆ ಇನ್ನೂರ ಹದಿಮೂರನೇ ಪುಟದ ಮೂಲೆ ಮಡಿಸಿ ಅವಳು ಮನೆಗೆ ಬಂದಳು. ಇನ್ನು ಹನ್ನೊಂದೇ ಪುಟ ಉಳಿದಿದ್ದವು. ಗುರುವಾರ ಬೆಳಿಗ್ಗೆ ಫೋನು ಬಂತು.

ಆಸ್ಪತ್ರೆಯವರು ಚಪ್ಪಲಿ, ಕನ್ನಡಕದ ಜೊತೆ ಪುಸ್ತಕವನ್ನೂ ಚೀಲದಲ್ಲಿ ಹಾಕಿ ಕೊಟ್ಟರು. ಅವಳು ಚೀಲವನ್ನು ಬಿಚ್ಚದೆ ಬೀರುವಿನಲ್ಲಿಟ್ಟಳು. ಆ ಹನ್ನೊಂದು ಪುಟ ಓದಿದರೆ ಅವನೊಂದಿಗೆ ಮಾಡಬೇಕಾದದ್ದು ಇನ್ನೇನೂ ಉಳಿಯುವುದಿಲ್ಲ ಎಂದು ಅವಳಿಗೆ ಭಯವಾಗಿತ್ತು.

*

ಚರ್ಚಿನಿಂದ ಸ್ಮಶಾನಕ್ಕೆ ನೆಟ್ಟಾ ಅಲೆಕ್‌ನ ಕಾರಿನಲ್ಲೇ ಹೊರಟಳು. ಹ್ಯೂಯಿ ಓಡಿಸುತ್ತಿದ್ದ. ಅವಳು ಅಲೆಕ್ ಕೂರುತ್ತಿದ್ದ ಪಕ್ಕದ ಸೀಟಿನಲ್ಲಿದ್ದಳು. ಮುಂದೆ ಪೆಟ್ಟಿಗೆ ಹೊತ್ತ ಕರಿ ವಾಹನ, ಹಿಂದೆ ನಲವತ್ತು ಕಾರು. ಒಂದು ಗಂಟೆಗೆ ಹೋಟೆಲಿನಲ್ಲಿ ಮಾಂಸದ ಪೈ ಬಡಿಸಲು ಹೇಳಿದೆ, ತಡವಾದರೆ ಆರಿಹೋಗುತ್ತದೆ ಎಂದು ಹ್ಯೂಯಿ ಮೂರನೇ ಸಲ ಹೇಳುತ್ತಿದ್ದ.

ಕರವಸ್ತ್ರಕ್ಕೆಂದು ನೆಟ್ಟಾ ಎದುರಿನ ಖಾನೆ ತೆರೆದಳು. ಕರವಸ್ತ್ರವಿರಲಿಲ್ಲ. 'ಕಾರ್ಯದರ್ಶಿಗಳ ಗೈರುಹಾಜರಿ' ಮೂರು ಪ್ರತಿ ಇದ್ದವು.

ಅವಳು ಅವುಗಳನ್ನು ನೋಡಿದಳು, ಮುಂದೆ ಹೋಗುತ್ತಿದ್ದ ಪೆಟ್ಟಿಗೆಯನ್ನು ನೋಡಿದಳು. ಕೆಟ್ಟ ಕೋಪ ಬಂತು. ಕಾಲಡಿಯಲ್ಲಿದ್ದ ಬ್ರೇಕನ್ನು ಒತ್ತಿಬಿಟ್ಟಳು.

"ನಾನು ಹಾಕಿಲ್ಲ," ಎಂದ ಹ್ಯೂಯಿ ಗಾಬರಿಯಿಂದ.

ಹಿಂದಿನ ನಲವತ್ತು ಕಾರುಗಳೂ ನಿಂತವು. ಒಂದೂ ಇನ್ನೊಂದಕ್ಕೆ ತಗುಲಲಿಲ್ಲ. ನಡುವೆ ಎಷ್ಟು ಜಾಗ ಬಿಡಬೇಕೋ ಅಷ್ಟು ಬಿಟ್ಟು ನಿಂತಿದ್ದವು, ಜೀನ್ ಟಲ್ಲೊಕ್‌ಳದೂ ಸೇರಿ. ಮುಂದಿನ ವಾಹನವೂ ನಿಂತಿತು. ಪಿರಿ ಟೋಪಿ ಹಿಡಿದುಕೊಂಡು ಗಾಳಿಗೆ ಎದುರಾಗಿ ನಡೆದು ಬಂದ. ನೆಟ್ಟಾ ಆಗಲೇ ಕನ್ನಡಕ ಹಾಕಿಕೊಂಡಿದ್ದಳು.

"ಹನ್ನೊಂದು ಪುಟ," ಎಂದಳು ತಲೆಯೆತ್ತದೆ. "ಕಾಯೋಕೆ ಹೇಳಿ ಅವನಿಗೆ. ಇಪ್ಪತ್ತಾರು ವರ್ಷ ಕಾದೋನಿಗೆ ಇದೇನು ಹೆಚ್ಚಲ್ಲ."

ಪಿರಿ ಗಡಿಯಾರ ನೋಡಿಕೊಂಡ. ಪೈ ಆರಿಹೋಗುತ್ತದೆ ಎಂದ ಹ್ಯೂಯಿ. ಆರಲಿ ಎಂದಳು ನೆಟ್ಟಾ. ಜನ ಕಾರುಗಳಿಂದಿಳಿದು ಕಾಲರ್ ಮೇಲೆತ್ತಿಕೊಂಡು ಒಬ್ಬರನ್ನೊಬ್ಬರು ಏನಾಯಿತೆಂದು ಕೇಳುತ್ತಿದ್ದರು. ಅವಳು ಪುಟ ಮಗುಚುತ್ತಿದ್ದಳು. ಮೊದಮೊದಲು ಬೇಗ ಬೇಗ, ಆಮೇಲೆ ನಿಧಾನ.

ಕೊನೆಯ ಪುಟದಲ್ಲಿ ಮತ್ತೆ ಸಭೆ. ಹುಲ್ಲಿನ ವಿಷಯ ತೀರ್ಮಾನವಾಗಿದೆ. ಪೊಲೀಸರು ಕೈಚೆಲ್ಲಿ ಹೋಗಿದ್ದಾರೆ. ಇತರ ವಿಷಯಗಳೇನಾದರೂ ಉಂಟೇ ಎಂದು ಅಧ್ಯಕ್ಷ ಕೇಳುತ್ತಾನೆ. ಚಹಾದ ಹೆಂಗಸು ಎದ್ದು ನಿಲ್ಲುತ್ತಾಳೆ. ಕಾರ್ಯದರ್ಶಿಯನ್ನು ಕೊಂದದ್ದು ನಾನೇ, ಮೂರು ತಿಂಗಳಿಂದ ಹೇಳೋಣವೆಂದಿದ್ದೆ, ಪಟ್ಟಿಗೆ ಬರಲೇ ಇಲ್ಲ ಎನ್ನುತ್ತಾಳೆ.

ನೆಟ್ಟಾ ಮೊದಲ ಪುಟಕ್ಕೆ ತಿರುವಿದಳು. ಅಲ್ಲೇ ಇತ್ತು. ಅವನು ನಕ್ಕ ಜಾಗದಲ್ಲೇ ಇತ್ತು. ಅವಳು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಕೈಯಿಂದ ಬಾಯಿ ಮುಚ್ಚಿಕೊಂಡಳು.

*

ಗುಂಡಿಯ ಬಳಿ ಪಿರಿ ಒಂದನೇ ನಂಬರಿನ ಹಗ್ಗವನ್ನು ಅವಳ ಕೈಗಿತ್ತ. ಏನೂ ಕೇಳಲಿಲ್ಲ. ಎಂಟು ಜನ ಸುತ್ತ ನಿಂತರು. ನಿಧಾನ ಬಿಡಿ ಎಂದ ಪಿರಿ. ಪೆಟ್ಟಿಗೆ ಇಳಿಯತೊಡಗಿತು.

ಅವಳ ಭುಜ ಅಲುಗತೊಡಗಿತು. ಹೆಂಗಸು ಇಷ್ಟು ದಿನ ತಡೆದಿದ್ದಳು, ಈಗ ಕಟ್ಟೆಯೊಡೆಯಿತು ಎಂದುಕೊಂಡ ಪಾದ್ರಿ ಅವಳ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟ. ಹಿಂದೆ ಜೀನ್ ಟಲ್ಲೊಕ್ ಬಿಕ್ಕಿದಳು. ಎದುರಿಗೆ, ಪಾದದ ಕಡೆ ಎರಡನೇ ನಂಬರಿನ ಹಗ್ಗ ಹಿಡಿದು ನಿಂತಿದ್ದ ಹ್ಯೂಯಿಗೆ ಮಾತ್ರ ಅವಳ ಮುಖ ಕಾಣುತ್ತಿತ್ತು. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಅವಳು ನಗುತ್ತಿದ್ದಳು.

"ಹ್ಯೂಯಿ," ಎಂದಳು ಅವಳು, ಉಸಿರು ಹಿಡಿದುಕೊಂಡು. "ನೀನಿದನ್ನ ಓದ್ಲೇಬೇಕು."

ಹ್ಯೂಯಿ ಆಚೆ ಈಚೆ ನೋಡಿದ. ಅವನ ಎರಡೂ ಕೈಗಳು ಹಗ್ಗದ ಮೇಲಿದ್ದವು.