ಓರಗಿತ್ತಿಯ ಕಾರ್ಡು

"ಅಪೆಂಡಿಕ್ಸ್ ಅನ್ನೋಣ ಅಂದ್ರೆ, ಅದನ್ನ ಹೋದ ವರ್ಷ ನಾವೇ ತೆಗೆದಿದ್ದೀವಲ್ಲಮ್ಮ," ಎಂದರು ಡಾಕ್ಟರು, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ. "ಗ್ಯಾಸ್ ಇರಬೇಕು. ಇಂಜೆಕ್ಷನ್ ಕೊಡ್ತೀನಿ. ನೋವು ಇಳಿದ್ರೆ ಮನೆಗೆ ಹೋಗಬಹುದು."

ಮಂಚದ ಮೇಲೆ ಮುದುಡಿ ಮಲಗಿದ್ದ ಹಿರಿಯ ಸೊಸೆ ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ಕಿರಿಯ ಸೊಸೆಯ ಮುಖ ಬಿಳಿಚಿಕೊಂಡಿತು. ಹೋದ ವರ್ಷ ಈ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡವಳು ಅವಳು. ಈಗ ಹಿರಿಯಳು ಮಲಗಿದ್ದುದು ಅವಳ ಹೆಸರಿನಲ್ಲಿ, ಅವಳ ವಿಮೆಯ ಕಾರ್ಡಿನ ಮೇಲೆ. ಕಾರ್ಡಿನ ಫೋಟೋ ಎಷ್ಟು ಮಸುಕಾಗಿತ್ತೆಂದರೆ, ಅದು ಯಾವ ಹೆಂಗಸಿನದೂ ಆಗಬಹುದಿತ್ತು.

ಓರಗಿತ್ತಿಯರಿಬ್ಬರೂ ದುಡಿಯುತ್ತಿದ್ದುದು ಒಂದೇ ಕಾರ್ಖಾನೆಯ ಅಂಗಿಗಳಿಗೆ. ಕಿರಿಯಳು ಕಾರ್ಖಾನೆಯೊಳಗೆ ಯಂತ್ರದ ಮುಂದೆ ಕೂತು ಕಾಲರ್ ಹಚ್ಚುತ್ತಿದ್ದಳು. ಅವಳು ನೌಕರಳು, ಅವಳಿಗೆ ಕಾರ್ಡಿತ್ತು. ಅದೇ ಅಂಗಿಗಳು ಮೂಟೆಯಲ್ಲಿ ಮನೆಗೆ ಬಂದಾಗ ಗುಂಡಿ ಹೊಲಿಯುತ್ತಿದ್ದವಳು ಹಿರಿಯಳು. ಮದುವೆಯಾಗಿ ಬಂದಂದಿನಿಂದ ಹೊಲಿಯುತ್ತಿದ್ದರೂ ಅವಳು ಯಾರ ನೌಕರಳೂ ಅಲ್ಲ. ತಾನೇ ವಿಮೆ ಮಾಡಿಸಲು ಹೋದರೆ ವಿಮೆಯವರು ಕೇಳಿದ ಕಂತು ಮನೆಬಾಡಿಗೆಗಿಂತ ಹೆಚ್ಚಿತ್ತು.

ಗಂಡಂದಿರಿಬ್ಬರೂ ಕಟ್ಟಡದ ಕೆಲಸಕ್ಕೆ ದೂರದ ಊರಿಗೆ ಹೋಗಿದ್ದರು. ಆ ಬೆಳಿಗ್ಗೆ ಹಿರಿಯಳು ನೋವಿಗೆ ನೆಲ ಹಿಡಿದಾಗ ಕಾರ್ಡಿನ ಉಪಾಯ ಹೇಳಿಕೊಟ್ಟವಳು ಅತ್ತೆಯೇ. ಸುಳ್ಳಾಡಿದ ಸೊಸೆಯರಿಗೆ ಊಟ ಹಾಕದ ಅತ್ತೆ.

"ದೇವರು ನಿಮ್ಮಿಬ್ಬರಿಗೂ ಕೊಟ್ಟಿದ್ದು ಒಂದೇ ಥರದ ಹೊಟ್ಟೆ," ಎಂದಿದ್ದಳು. "ಸುಳ್ಳಿನ ಪಾಪ ನನಗಿರಲಿ. ಅವನ ಹತ್ರ ನಾನು ಮಾತಾಡ್ಕೋತೀನಿ. ನೀವು ನಡೀರಿ."

"ನನ್ನ ಹೆಸರು ಕೂಗಿದ್ರೆ ಓ ಅನ್ನಕ್ಕ, ಅಷ್ಟೇ," ಎಂದು ಕಿರಿಯಳು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು.

"ನಿನ್ನ ಹೆಸರಲ್ಲಾದ್ರೂ ಒಂದು ದಿನ ಹಗಲುಹೊತ್ತು ಮಲಗ್ತೀನಿ ಬಿಡೆ," ಎಂದು ಹಿರಿಯಳು ಆ ನೋವಿನಲ್ಲೂ ನಕ್ಕಿದ್ದಳು.

ಕಿರಿಯಳ ಹಳೆಯ ಆಪರೇಷನ್ನು ಆಸ್ಪತ್ರೆಯ ದಾಖಲೆಯಲ್ಲಿ ಇದ್ದೇ ಇರುತ್ತದೆಂಬುದು ಆ ಗಡಿಬಿಡಿಯಲ್ಲಿ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಕಿರಿಯಳು ಬಗ್ಗಿ ಪಿಸುಗುಟ್ಟಿದಳು. "ಅಕ್ಕಾ, ನಿಜ ಹೇಳಿಬಿಡ್ತೀನಿ."

"ಬಾಯಿ ಮುಚ್ಚು. ನಿನ್ನ ಕೆಲಸ ಹೋಗುತ್ತೆ. ಅಷ್ಟು ಓದಿದವರೇ ಗ್ಯಾಸ್ ಅಂದಮೇಲೆ ಗ್ಯಾಸೇ."

"ನನಗೂ ಹೀಗೇ ಬಲಗಡೆ ಹಿಡಿದಿತ್ತು. ಕಾಲು ಚಾಚೋಕಾಗ್ತಿರಲಿಲ್ಲ. ಎಲ್ಲಿ, ನೀನು ಚಾಚು ನೋಡೋಣ."

ಹಿರಿಯಳು ಹಟಕ್ಕೆ ಬಲಗಾಲು ಚಾಚಿದಳು. ಅವಳ ಬಾಯಿಂದ ಹೊರಟ ಸದ್ದಿಗೆ ಪಕ್ಕದ ಮಂಚದ ಮುದುಕ ಎದ್ದು ಕೂತ.

"ಡಾಕ್ಟ್ರೇ!" ಎಂದು ಕೂಗಿದಳು ಕಿರಿಯಳು. ಅವರು ತಿರುಗಿ ಬಂದರು. ಮನೆಯಿಂದ ಬರುವಾಗ ಕಿರಿಯಳು ಸುಳ್ಳನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದಳೇ ಹೊರತು ನಿಜವನ್ನಲ್ಲ. ಅಷ್ಟು ಜನರ ನಡುವೆ ಅವಳು ತನ್ನ ಚೂಡಿದಾರದ ಅಂಚನ್ನು ಮೇಲೆತ್ತಿ, ಹೊಟ್ಟೆಯ ಬಲಕ್ಕಿದ್ದ ಗಾಯದ ಗೆರೆಯನ್ನು ತೋರಿಸಿದಳು.

"ನೀವು ಕೊಯ್ದಿದ್ದು ಇಲ್ಲಿ. ಆ ಹೆಸರು ನಂದು. ನಮ್ಮಕ್ಕನ ಹೊಟ್ಟೇನ ಇನ್ನೂ ಯಾರೂ ಮುಟ್ಟಿಲ್ಲ."

ಡಾಕ್ಟರ ಮುಖ ಕೆಂಪಾಯಿತು. ಹಿರಿಯಳ ಹೊಟ್ಟೆಯನ್ನು ಒತ್ತಿ, ಥಟ್ಟನೆ ಕೈ ತೆಗೆದರು. ಅವಳು ಚೀರಿದಳು.

"ಮನೆಗೆ ಕಳಿಸಿಬಿಡ್ತಿದ್ದೆನಲ್ಲಮ್ಮ!" ಎಂದರು ಅವರು. ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು ಆ ದನಿಯಲ್ಲಿ. "ಸಿಸ್ಟರ್, ಆಪರೇಷನ್ ಥಿಯೇಟರಿಗೆ ಹೇಳಿ. ಈಗಲೇ."

ಹಿರಿಯಳನ್ನು ತಳ್ಳಿಕೊಂಡು ಹೋದರು. ಕಿರಿಯಳು ಬಾಗಿಲ ಬಳಿ ನಿಂತಿರುವಾಗಲೇ ವಿಮೆಯ ವಿಭಾಗದ ಅಧಿಕಾರಿ ಬಂದರು.

"ಇದು ಮೋಸ. ನಿಮ್ಮ ಕಾರ್ಖಾನೆಗೆ ತಿಳಿಸಲೇಬೇಕಾಗುತ್ತೆ. ಕಾರ್ಡ್ ಕೊಡಿ."

"ಮೋಸವೇ ಸ್ವಾಮಿ, ಇಲ್ಲ ಅನ್ನಲ್ಲ. ನೀವು ಹಾಕಿದ್ದೀರಲ್ಲ, ಇಂಥದೇ ಅಂಗಿ ನಾವಿಬ್ಬರೂ ಹೊಲಿಯೋದು. ಇದರ ಕಾಲರ್ ಹಚ್ಚಿದವಳಿಗೆ ಕಾಯಿಲೆ ಬರಬಹುದು, ಗುಂಡಿ ಹೊಲಿದವಳಿಗೆ ಬರಕೂಡದು. ಇದಕ್ಕೇನಂತೀರಿ?"

"ನಿಯಮ ಮಾಡಿದ್ದು ನಾನಲ್ಲಮ್ಮ."

"ಯಾರನ್ನ ಕೇಳಿದ್ರೂ ಇದೇ ಮಾತು. ಮಾಡಿದವರ ಮನೆ ಎಲ್ಲಿ ಅಂತಾದ್ರೂ ಹೇಳಿ. ನಾನೇ ಹೋಗಿ ಕೇಳ್ತೀನಿ. ಅವರ ಮನೇಲೂ ಹೊಟ್ಟೆ ಇರೋರು ಇರ್ತಾರಲ್ಲ?"

ಅಧಿಕಾರಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಕಾರ್ಡನ್ನು ಆ ಕೈಯ ಮೇಲಿಟ್ಟಳು.

ಅಪೆಂಡಿಕ್ಸ್ ಒಡೆದಿತ್ತು. ಆದರೂ ದೇವರು ಹಿರಿಯಳನ್ನು ಉಳಿಸಿದ. ಅವನು ಮಾಡಬೇಕಾದದ್ದನ್ನು ಅವನು ಮಾಡಿದ. ಉಳಿದದ್ದನ್ನು ಮನುಷ್ಯರು ಮಾಡಿದರು. ಅವಳು ಇನ್ನೂ ಗಂಜಿ ಕುಡಿಯುತ್ತಿರುವಾಗಲೇ ಕಾರ್ಖಾನೆ ಕಿರಿಯಳನ್ನು ಕೆಲಸದಿಂದ ತೆಗೆಯಿತು. ಆಸ್ಪತ್ರೆಯ ಸಾಲ ತೀರಿಸಲು ಗಂಡಂದಿರು ಇನ್ನೊಂದು ವರ್ಷ ಆ ದೂರದ ಊರಲ್ಲೇ ಉಳಿದರು.

ಈಗ ಓರಗಿತ್ತಿಯರಿಬ್ಬರೂ ಕಿಟಕಿಯ ಕೆಳಗೆ ಒಂದೇ ಮೂಟೆಯ ಎರಡು ಬದಿಗೆ ಕೂತು ಗುಂಡಿ ಹೊಲಿಯುತ್ತಾರೆ. ಕಿರಿಯಳ ಕೈ ಇನ್ನೂ ನಿಧಾನ.

"ಆ ಅಂಗಿ ತೊಟ್ಟವನು ಒಂದು ಸಲ ಸೀನಿದ್ರೆ ಸಾಕು ಕಣೆ, ನಿನ್ನ ಗುಂಡಿ ಬೀದಿಗೆ," ಎನ್ನುತ್ತಾಳೆ ಹಿರಿಯಳು.

"ಬೀಳಲಿ ಬಿಡಕ್ಕ. ಹುಡುಕಿಕೊಳ್ಳಲಿ," ಎನ್ನುತ್ತಾಳೆ ಕಿರಿಯಳು.

ಒಳಕೋಣೆಯಲ್ಲಿ ಮಲಗಿರುವ ಅತ್ತೆಗೆ ಈಚೆಗೆ ಕೆಮ್ಮು. ಅದು ಏರಿ ಬಂದಾಗಲೆಲ್ಲ ಅವಳು ದಿಂಬಿಗೆ ಬಾಯಿ ಒತ್ತಿಕೊಳ್ಳುತ್ತಾಳೆ. ಹೊರಗೆ ಎರಡು ಸೂಜಿಗಳೂ ಒಟ್ಟಿಗೆ ನಿಲ್ಲುತ್ತವೆ. ಮನೆಯಲ್ಲಿ ಈಗ ಯಾರ ಹೆಸರಿನಲ್ಲೂ ಕಾರ್ಡಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದಾರ ಮತ್ತೆ ಬಟ್ಟೆಯೊಳಗೆ ಇಳಿಯುತ್ತದೆ.