ಕೊನೇ ಮನೆಯ ನಲ್ಲಿ

ಆ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು. ನಲ್ಲಿ ಬುಸ್ಸೆಂದರೆ ಸಾಕು, ಮೊದಲ ಮನೆಯ ಹೊಲಿಗೆಯಕ್ಕ ಮಿಷನ್ ಬಿಟ್ಟು ಎದ್ದು, ಡ್ರಮ್ಮಿನಲ್ಲಿ ಉಳಿದ ಹಳೇ ನೀರನ್ನೆಲ್ಲ ಮೋರಿಗೆ ಸುರಿಯುವಳು. ಆಮೇಲೆ ತಿಕ್ಕಿ ತೊಳೆದು ಹೊಸ ನೀರು. ಅವಳ ಪಾತ್ರೆಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅದಕ್ಕೇ ಎಲ್ಲರಿಗೂ ಅವಳು ಫಳಫಳಕ್ಕ. ಅವಳನ್ನು ನೋಡಿ ಬೀದಿಯವರೆಲ್ಲ ಹಾಗೇ ಸುರಿಯುತ್ತಿದ್ದರು.

ಅವತ್ತೂ ಡ್ರಮ್ಮು ವಾಲಿಸಿದ್ದಳು. ಕೊನೇ ಮನೆಯಲ್ಲಿದ್ದ ಅವಳ ತಂಗಿ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ತೂಕ ನೋಡಲು ಬಂದಿದ್ದ ಆರೋಗ್ಯ ಕಾರ್ಯಕರ್ತೆಯೂ ಜೊತೆಗಿದ್ದಳು.

"ಅಕ್ಕಾ, ನಾವು ಈ ಮನೆ ಬಿಡ್ತಿದೀವಿ ಕಣೇ. ನಮ್ಮನೆಯವರು ಸಾಮಾನು ಕಟ್ತಿದಾರೆ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತೆ. ಕೂಸಿನ ಬಟ್ಟೆ ಒಗೆಯೋಕೂ ನೀರಿಲ್ಲ."

ಅಕ್ಕ ಗಕ್ಕನೆ ತಿರುಗಿದಳು. ದಿನಕ್ಕೊಮ್ಮೆ ಆ ಕೂಸನ್ನು ಎತ್ತಿಕೊಳ್ಳದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಆ ನೀರು ಬಿಡೋನ ಕೈಗೇನು ಬಂದಿದೆ ರೋಗ?"

"ಅವನನ್ಯಾಕೆ ಬೈತೀರಿ?" ಎಂದಳು ಕಾರ್ಯಕರ್ತೆ. "ಬಿಸಿಲು ವರ್ಷ ವರ್ಷ ಏರ್ತಿದೆ. ಮಳೆ ಬಂದ್ರೂ ಒಂದೇ ದಿನ ಧೋ ಅಂತ ಸುರಿದು ಹರಿದುಹೋಗುತ್ತೆ, ನೆಲಕ್ಕೆ ಕುಡಿಯೋಕೆ ಪುರಸೊತ್ತೇ ಇಲ್ಲ. ಟ್ಯಾಂಕಿಗೆ ಬರೋದೇ ಕಮ್ಮಿ. ಅದನ್ನೂ ನೀವು ಮೋರಿಗೆ ಕುಡಿಸಿ ಮತ್ತೆ ತುಂಬಿಕೊಂಡ್ರೆ ಕೊನೇ ಮನೆಗೆ ಉಳಿಯೋದು ಬರೀ ಗಾಳಿ."

"ಹಳೇ ನೀರು ಹೇಗ್ರೀ ಕುಡಿಯೋದು? ವಾಸನೆ!"

ಕಾರ್ಯಕರ್ತೆ ಅಕ್ಕನ ಮನೆಯೊಳಗೆ ಹೋದ ಸಲ ತುಂಬಿ ಮುಚ್ಚಿಟ್ಟಿದ್ದ ಬಿಂದಿಗೆಯಿಂದ ಒಂದು ಲೋಟ, ನಲ್ಲಿಯಿಂದ ಒಂದು ಲೋಟ ತಂದಳು. "ಕಣ್ಮುಚ್ಚಿ ಕುಡಿದು ಹೇಳಿ."

ಅಕ್ಕ ಕಣ್ಮುಚ್ಚಿ, ಮೂಗು ಮುರಿದು ಎರಡನ್ನೂ ಗುಟುಕರಿಸಿದಳು. "ಇದು ಹೊಸದು, ಎಷ್ಟು ಸಿಹಿ! ಅದು ಹಳೇದು, ಥೂ."

ತಂಗಿ ನಕ್ಕ ಸದ್ದಿಗೆ ಕೂಸಿಗೆ ಎಚ್ಚರವಾಯಿತು. ಅಕ್ಕ ಸಿಹಿ ಎಂದದ್ದೇ ಬಿಂದಿಗೆಯ ಹಳೇ ನೀರು!

"ಮುಚ್ಚದಿದ್ರೆ, ಕೈ ಅದ್ದಿದ್ರೆ ನೀರು ಕೆಡುತ್ತೆ ಅಕ್ಕಾ," ಎಂದಳು ಕಾರ್ಯಕರ್ತೆ. "ಭದ್ರವಾಗಿ ಮುಚ್ಚಿ, ಉದ್ದ ಹಿಡಿಯ ಸೌಟಲ್ಲಿ ತೆಗೀರಿ. ಕುಡಿಯೋದನ್ನ ಕುದಿಸಿ ಆರಿಸಿ. ಅನುಮಾನ ಬಂದ್ರೆ ಬಟ್ಟೆಗೋ ಗಿಡಕ್ಕೋ ಬಳಸಿ. ಡ್ರಮ್ಮು ತಿಕ್ಕಿ, ಬೇಡ ಅನ್ನಲ್ಲ. ಆದ್ರೆ ನೀರು ಬಳಸಿ ಮುಗಿಸಿ ತಿಕ್ಕಿ, ಚೆಲ್ಲಿ ಅಲ್ಲ."

"ನಾನೊಬ್ಬಳು ನಿಲ್ಲಿಸಿದ್ರೆ ಏನಾಗುತ್ತೆ?"

"ಬೀದಿಯೆಲ್ಲ ಕಲಿತಿದ್ದು ಯಾರನ್ನ ನೋಡಿ?"

ಅಕ್ಕ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದಳು. "ಇನ್ನೊಂದು ಸಲ ನೀರು ಬರೋ ತನಕ ತಡೀರಿ ಅನ್ನು ನಿನ್ನ ಗಂಡನಿಗೆ."

ಮುಂದಿನ ಸಲ ನೀರು ಬಂದಾಗ ಅವಳು ಮನೆ ಮನೆ ಹೊಕ್ಕಳು. "ಚೆಲ್ಲಬೇಡ್ರೇ! ಕಡಿಮೆ ಆದಷ್ಟೇ ತುಂಬಿಸಿ ನಲ್ಲಿ ನಿಲ್ಲಿಸಿ." ಫಳಫಳಕ್ಕನಿಗೇನಾಯ್ತು ಎಂದು ಜನ ನಕ್ಕರು. ನಕ್ಕರೂ ನಲ್ಲಿ ನಿಲ್ಲಿಸಿದರು.

ಕೊನೇ ಮನೆಯ ನಲ್ಲಿ ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಬೆರಳು ಗಾತ್ರದ ನೀರು ಸುರಿಯತೊಡಗಿತು. ತಂಗಿಯ ಗಂಡ ಗಾಬರಿಯಾಗಿ ಅತ್ತಿತ್ತ ಓಡಾಡಿದ. "ಬಿಂದಿಗೆಯೆಲ್ಲ ಸಾಮಾನಿನ ಗಂಟಲ್ಲಿದೆಯಲ್ಲೇ!"

"ಹಾಗಾದ್ರೆ ಗಂಟು ಬಿಚ್ಚಿ," ಎಂದು ಅಕ್ಕ ಕೂಸನ್ನು ಸೊಂಟಕ್ಕೇರಿಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ಒಂದು ಕೊನೇ ಮನೆ ಇದೆ. ಉಳಿದ ನೀರನ್ನು ಮುಚ್ಚಿಡಿ, ಚೆಲ್ಲಬೇಡಿ. ನೀರು ಬಂದ ದಿನ ಆ ಮನೆಯ ತನಕ ಹೋಗಿ ಒಂದು ಮಾತು ಕೇಳಿ: "ನಿಮಗೂ ಬಂತಾ?"